ಹಳೆಯ ಗಣಕ ವ್ಯವಸ್ಥೆಯ ಹೊಣೆ ಹೊರುವ ಮುನ್ನ

ಹೊಲವೊಂದನ್ನು ಕೊಳ್ಳುವವರು ಮೊದಲು ಪಹಣಿಯನ್ನು ನೋಡುತ್ತಾರೆ, ಋಣಭಾರ ಪ್ರಮಾಣಪತ್ರವನ್ನು ಪಡೆಯುತ್ತಾರೆ, ಎಲ್ಲೆಯ ಕಲ್ಲುಗಳನ್ನು ತಾವೇ ನಡೆದು ನೋಡುತ್ತಾರೆ, ಬಾವಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುವುದೇ ಎಂದು ನೆರೆಹೊರೆಯವರನ್ನು ವಿಚಾರಿಸುತ್ತಾರೆ. ಇದು ತಲೆಮಾರುಗಳಿಂದ ಬಂದ ವಿವೇಕ. ಆದರೆ ಸಣ್ಣ ಕಾರ್ಖಾನೆಯನ್ನೋ, ಔಷಧದ ಅಂಗಡಿಯನ್ನೋ, ಮುದ್ರಣಾಲಯವನ್ನೋ ವಹಿಸಿಕೊಳ್ಳುವವರು ಅಲ್ಲಿರುವ ಗಣಕಯಂತ್ರವನ್ನು ಮೇಜು ಕುರ್ಚಿಗಳ ಸಾಲಿನಲ್ಲೇ ಎಣಿಸಿ ಮುಂದೆ ಸಾಗುವುದುಂಟು. ಉದ್ದಿಮೆಯ ಲೆಕ್ಕಪತ್ರ, ಗ್ರಾಹಕರ ಬಾಕಿ, ದಾಸ್ತಾನಿನ ವಿವರ, ತೆರಿಗೆಯ ದಾಖಲೆ ಇವೆಲ್ಲವೂ ಆ ಯಂತ್ರದೊಳಗಿವೆ ಎಂಬುದು ಅದು ಒಂದು ಬೆಳಗ್ಗೆ ನಿಂತುಹೋದಾಗ ಮಾತ್ರ ಅರಿವಿಗೆ ಬರುತ್ತದೆ.

ಹಳೆಯ ಗಣಕ ವ್ಯವಸ್ಥೆಯ ಹೊಣೆಯನ್ನು ಹೊರುವವರು ಮೂರು ಬಗೆಯವರು. ಉದ್ದಿಮೆಯನ್ನು ಹಣ ಕೊಟ್ಟು ಕೊಳ್ಳುವವರು ಮೊದಲನೆಯವರು. ತಂದೆಯಿಂದಲೋ ಸೋದರಮಾವನಿಂದಲೋ ವ್ಯವಹಾರವನ್ನು ಮುಂದುವರಿಸಿಕೊಂಡು ಬರುವವರು ಎರಡನೆಯವರು. ವರ್ಷಕ್ಕಿಷ್ಟು ಎಂಬ ಕರಾರಿನ ಮೇಲೆ ನಿರ್ವಹಣೆಯನ್ನು ಒಪ್ಪಿಕೊಳ್ಳುವ ತಂತ್ರಜ್ಞರು ಮೂರನೆಯವರು. ಇವರ ಸಂದರ್ಭಗಳು ಬೇರೆ ಬೇರೆಯಾದರೂ ಒಪ್ಪಿಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಒಂದೇ. ಇಲ್ಲಿ ಏನಿದೆ? ಅದು ಯಾವ ಕೆಲಸವನ್ನು ಮಾಡುತ್ತಿದೆ? ಅದನ್ನು ಬಲ್ಲವರು ಯಾರು? ಅವರಿಲ್ಲದ ದಿನ ಏನಾಗುತ್ತದೆ?

ಹೈದರಾಬಾದಿನ ಸನ್ನಿವೇಶ

ಈ ಪ್ರಶ್ನೆಗಳನ್ನು ವಿಚಾರ ಮಾಡಲು ಹೈದರಾಬಾದಿಗಿಂತ ಸೂಕ್ತವಾದ ನಗರ ವಿರಳ. ಬಾಲಾನಗರ, ಸನತ್‌ನಗರ, ಜೀಡಿಮೆಟ್ಲ, ಚೆರ್ಲಪಲ್ಲಿ, ಆಜಮಾಬಾದ್‌ಗಳ ಕೈಗಾರಿಕಾ ಪ್ರದೇಶಗಳಲ್ಲಿ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳಿವೆ. ಬೇಗಂ ಬಜಾರಿನ ಸಗಟು ಮಳಿಗೆಗಳೊಡನೆ ಬೀದರ್, ಕಲಬುರಗಿ, ರಾಯಚೂರುಗಳ ವರ್ತಕರಿಗೆ ಹಳೆಯ ನಂಟು. ಈ ಮೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಆಡಳಿತದ ಗಡಿ ಬದಲಾದರೂ ವ್ಯಾಪಾರದ ದಾರಿ ಬದಲಾಗಲಿಲ್ಲ. ಸಣ್ಣ ಉದ್ದಿಮೆದಾರರಿಗೆ ತರಬೇತಿ ನೀಡುವ ರಾಷ್ಟ್ರೀಯ ಸಂಸ್ಥೆಯೂ 1962ರಿಂದ ಈ ನಗರದಲ್ಲಿಯೇ ಇದೆ. ಯೂಸುಫ್‌ಗುಡದಲ್ಲಿರುವ ಈ ಸಂಸ್ಥೆಗೆ ಈಗ ರಾಷ್ಟ್ರೀಯ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ ಸಂಸ್ಥೆ ಎಂದು ಹೆಸರು.

1998ರ ನವೆಂಬರಿನಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಹೈದರಾಬಾದ್ ಎಂದೊಡನೆ ಗಾಜಿನ ಗೋಪುರಗಳು ಕಣ್ಣಮುಂದೆ ಬರುತ್ತವೆ. ಆದರೆ ಅದೇ ನಗರದ ಹಳೆಯ ಓಣಿಯ ಅಂಗಡಿಯಲ್ಲಿ ಇಪ್ಪತ್ತು ವರ್ಷ ಹಿಂದಿನ ಗಣಕವೊಂದು ಇಂದಿಗೂ ಬಿಲ್ಲು ಬರೆಯುತ್ತಿದ್ದರೆ ಅಚ್ಚರಿಪಡಬೇಕಿಲ್ಲ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ವ್ಯಾಖ್ಯೆಯಂತೆ ವರ್ಷಕ್ಕೆ 10 ಕೋಟಿ ರೂಪಾಯಿಯವರೆಗೆ ವಹಿವಾಟು ಮತ್ತು 2.5 ಕೋಟಿ ರೂಪಾಯಿಯವರೆಗೆ ಯಂತ್ರೋಪಕರಣಗಳ ಬಂಡವಾಳ ಇರುವ ಘಟಕವೂ ಸೂಕ್ಷ್ಮ ಉದ್ಯಮವೇ. ಅಷ್ಟು ದೊಡ್ಡ ವಹಿವಾಟು ಒಂದೇ ಹಳೆಯ ಯಂತ್ರದ ಮೇಲೆ ನಿಂತಿರಬಹುದು. ಆದುದರಿಂದ ಉದ್ದಿಮೆ ಚಿಕ್ಕದೆಂದು ಅದರ ಹೊಣೆಯನ್ನು ಚಿಕ್ಕದಾಗಿ ಎಣಿಸುವುದು ಸರಿಯಲ್ಲ.

1978ರ ಪಾಠ

ಬೇರೊಬ್ಬರ ಹಳೆಯ ಯಂತ್ರಗಳ ಹೊಣೆಯನ್ನು ಇಡೀ ದೇಶದ ಮಟ್ಟದಲ್ಲಿ ವಹಿಸಿಕೊಳ್ಳಬೇಕಾಗಿ ಬಂದ ಪ್ರಸಂಗವೊಂದು ಭಾರತದ ಗಣಕ ಚರಿತ್ರೆಯಲ್ಲಿದೆ. 1950ರ ದಶಕದಿಂದ ಐಬಿಎಂ ಸಂಸ್ಥೆ ಭಾರತದಲ್ಲಿ ವ್ಯವಹಾರ ನಡೆಸುತ್ತಿತ್ತು. 1959ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅದರ 1401 ಮಾದರಿಯ ಗಣಕಗಳು ಇಲ್ಲಿನ ಅನೇಕ ಕಚೇರಿಗಳಲ್ಲಿ 1970ರ ದಶಕದಲ್ಲಿಯೂ ದುಡಿಯುತ್ತಿದ್ದವು. ಹೊರದೇಶಗಳಲ್ಲಿ ಬಳಕೆ ತಪ್ಪಿದ ಯಂತ್ರಗಳು ಭಾರತಕ್ಕೆ ಬರುತ್ತಿವೆ ಎಂಬ ಟೀಕೆ ಆಗಲೇ ಕೇಳಿಬಂದಿತ್ತು. 1973ರ ವಿದೇಶಿ ವಿನಿಮಯ ನಿಯಂತ್ರಣ ಅಧಿನಿಯಮದಂತೆ ವಿದೇಶಿ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕೆಂಬ ಪ್ರಶ್ನೆ ಬಂದಾಗ ಒಮ್ಮತ ಮೂಡದೆ, 1978ರಲ್ಲಿ ಐಬಿಎಂ ದೇಶದಿಂದ ನಿರ್ಗಮಿಸಿತು.

ಯಂತ್ರಗಳನ್ನು ತಯಾರಿಸಿದವರು ಹೊರಟುಹೋದರು, ಯಂತ್ರಗಳು ಉಳಿದವು. ಅವುಗಳ ಮೇಲೆ ಸಂಬಳದ ಪಟ್ಟಿ, ಲೆಕ್ಕಪತ್ರ, ದಾಸ್ತಾನಿನ ವಿವರ ಎಲ್ಲವೂ ಅವಲಂಬಿಸಿದ್ದವು. 1975ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ್ದ ಕಂಪ್ಯೂಟರ್ ಮೆಯಿಂಟೆನೆನ್ಸ್ ಕಾರ್ಪೊರೇಷನ್, ಮುಂದೆ ಸಿಎಂಸಿ ಎಂದು ಹೆಸರಾದ ಸಂಸ್ಥೆ, ದೇಶದ ಎಂಟುನೂರಕ್ಕೂ ಹೆಚ್ಚು ಸ್ಥಳಗಳಲ್ಲಿದ್ದ ಐಬಿಎಂ ವ್ಯವಸ್ಥೆಗಳ ನಿರ್ವಹಣೆಯನ್ನು ವಹಿಸಿಕೊಂಡಿತು. ಈ ಸಂಸ್ಥೆ ತನ್ನ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರವನ್ನು ಹೈದರಾಬಾದಿನಲ್ಲಿ ನಡೆಸಿತು. 2001ರಲ್ಲಿ ಅದು ಟಾಟಾ ಸಮೂಹದ ಕೈಗೆ ಬಂದು, 2015ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್‌ನಲ್ಲಿ ವಿಲೀನವಾಯಿತು.

ಹೈದರಾಬಾದಿನಲ್ಲಿಯೇ 1967ರಲ್ಲಿ ಆರಂಭವಾದ ಭಾರತೀಯ ಇಲೆಕ್ಟ್ರಾನಿಕ್ಸ್ ನಿಗಮ, ಅಂದರೆ ಇಸಿಐಎಲ್, 1969ರಲ್ಲಿ ಟಿಡಿಸಿ-12 ಎಂಬ ಗಣಕವನ್ನು ಹೊರತಂದಿತು. ಬಳಿಕ ಅದೇ ಸಾಲಿನ ಟಿಡಿಸಿ-312, ಟಿಡಿಸಿ-316 ಬಂದವು. ದೇಶದಲ್ಲಿಯೇ ರೂಪುಗೊಂಡ ಈ ಯಂತ್ರಗಳೂ ಕಾಲಕ್ರಮದಲ್ಲಿ ಹಿಂದೆ ಸರಿದವು. ಯಂತ್ರ ಪರದೇಶದ್ದಾಗಲಿ ಸ್ವದೇಶದ್ದಾಗಲಿ, ಅದರ ಬಿಡಿಭಾಗ, ಅದರ ಕೈಪಿಡಿ, ಅದನ್ನು ಬಲ್ಲ ವ್ಯಕ್ತಿ ಈ ಮೂರರಲ್ಲಿ ಒಂದು ಇಲ್ಲವಾದರೂ ಅದು ಹಳತಾಯಿತೆಂದೇ ಅರ್ಥ. ತಯಾರಾದ ವರ್ಷವೊಂದನ್ನೇ ನೋಡಿ ಯಂತ್ರದ ವಯಸ್ಸನ್ನು ನಿರ್ಣಯಿಸಲಾಗದು. ಇಪ್ಪತ್ತು ವರ್ಷದ ಯಂತ್ರಕ್ಕೆ ಬಿಡಿಭಾಗವೂ ಬಲ್ಲವರೂ ದೊರೆಯುತ್ತಿದ್ದರೆ ಅದು ಇನ್ನೂ ಬಾಳುವಂಥದು. ಐದು ವರ್ಷದ ತಂತ್ರಾಂಶವನ್ನು ಬರೆದವನೊಬ್ಬನೇ ಅದನ್ನು ಬಲ್ಲವನಾಗಿದ್ದು, ಅವನು ಊರು ಬಿಟ್ಟಿದ್ದರೆ ಅದು ಈಗಾಗಲೇ ಮುದಿಯಾಗಿದೆ.

ಒಂದು ಕಾರ್ಯಾಗಾರದ ನಿದರ್ಶನ

ವಿಷಯ ಸ್ಪಷ್ಟವಾಗಲೆಂದು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಬಾಲಾನಗರದಲ್ಲಿ ಹನ್ನೆರಡು ಮಂದಿ ಕೆಲಸಗಾರರಿರುವ ಒಂದು ಕಾರ್ಯಾಗಾರ. ವಯಸ್ಸಾದ ಮಾಲೀಕರು ಅದನ್ನು ತಮ್ಮ ಸೋದರಳಿಯನಿಗೆ ಒಪ್ಪಿಸಲು ಬಯಸಿದ್ದಾರೆ. ಅಲ್ಲಿ ಎರಡು ಗಣಕಗಳಿವೆ. ಕಚೇರಿಯಲ್ಲಿರುವುದು ಫಾಕ್ಸ್‌ಪ್ರೋದಲ್ಲಿ ಬರೆದ ಹಳೆಯ ಕಾರ್ಯಕ್ರಮದಿಂದ ಲೆಕ್ಕ ಇಡುತ್ತದೆ. ಅದಕ್ಕೆ ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಜೋಡಿಸಿದೆ. ಕೆಲಸದ ಅಂಗಳದಲ್ಲಿರುವುದು ವಿಂಡೋಸ್ ಎಕ್ಸ್‌ಪಿ ಯಂತ್ರ. ಅದು ಗಣಕ ನಿಯಂತ್ರಿತ ಲೇತಿಗೆ ಸೀರಿಯಲ್ ತಂತಿಯ ಮೂಲಕ ಆದೇಶಗಳನ್ನು ಕಳಿಸುತ್ತದೆ. ಲೆಕ್ಕ ನೋಡುವ ಗುಮಾಸ್ತರಿಗೆ ನಿವೃತ್ತಿಯ ವಯಸ್ಸು ಸಮೀಪಿಸಿದೆ. ಎಲ್ಲವೂ ಚೆನ್ನಾಗಿ ನಡೆಯುತ್ತಿದೆ ಎಂದು ಮಾಲೀಕರು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಇಂದು ನಡೆಯುತ್ತಿರುವುದು ಒಂದು ವಿಷಯ, ನಾಳೆ ಕೆಟ್ಟರೆ ಸರಿಪಡಿಸಲು ಸಾಧ್ಯವಿರುವುದು ಮತ್ತೊಂದು. ಪರಿಶೀಲನೆಯ ಉದ್ದೇಶ ಈ ಎರಡನೆಯದನ್ನು ತಿಳಿಯುವುದು.

ಮೊದಲ ಪರಿಶೀಲನೆ: ಕೆಲಸ

ಪರಿಶೀಲನೆಯನ್ನು ಯಂತ್ರದಿಂದ ಆರಂಭಿಸದೆ ಕೆಲಸದಿಂದ ಆರಂಭಿಸಬೇಕು. ಉದ್ದಿಮೆಯ ಒಂದು ದಿನದ, ಒಂದು ತಿಂಗಳಿನ, ಒಂದು ವರ್ಷದ ಕಾರ್ಯಕಲಾಪಗಳನ್ನು ಕಾಗದದ ಮೇಲೆ ಬರೆದು, ಪ್ರತಿಯೊಂದರ ಎದುರಿಗೆ ಗಣಕದ ಪಾತ್ರವನ್ನು ಗುರುತಿಸಬೇಕು. ಗಣಕ ಒಂದು ಗಂಟೆ ನಿಂತರೆ ಯಾವುದು ನಿಲ್ಲುತ್ತದೆ, ಒಂದು ದಿನ ನಿಂತರೆ ಯಾವುದು, ಒಂದು ವಾರ ನಿಂತರೆ ಯಾವುದು ಎಂದು ಕೇಳಬೇಕು. ಬಾಲಾನಗರದ ಕಾರ್ಯಾಗಾರದಲ್ಲಿ ಕಚೇರಿಯ ಗಣಕ ಎರಡು ದಿನ ನಿಂತರೂ ಕೈಬರಹದ ಬಿಲ್ಲಿನಿಂದ ಕೆಲಸ ಸಾಗೀತು. ಅಂಗಳದ ಹಳೆಯ ಯಂತ್ರ ನಿಂತರೆ ಲೇತು ನಿಲ್ಲುತ್ತದೆ, ಲೇತು ನಿಂತರೆ ಹನ್ನೆರಡು ಮಂದಿಯ ಕೂಲಿಗೆ ಕುತ್ತು ಬರುತ್ತದೆ. ನೋಡಲು ಧೂಳು ಹಿಡಿದ ಯಂತ್ರವೇ ಹೆಚ್ಚು ಮುಖ್ಯವಾದುದು ಎಂಬುದು ಈ ಪಟ್ಟಿಯಿಂದ ಮಾತ್ರ ಹೊರಬೀಳುತ್ತದೆ.

ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕೆಲಸಗಳನ್ನು ವಿಶೇಷವಾಗಿ ವಿಚಾರಿಸುವುದು ಒಳ್ಳೆಯದು. ಮಾರ್ಚ್ 31ರಂದು ಲೆಕ್ಕ ಮುಗಿಸಿ ಹೊಸ ವರ್ಷದ ಖಾತೆ ತೆರೆಯುವ ಕ್ರಮ ಹಳೆಯ ಕಾರ್ಯಕ್ರಮಗಳಲ್ಲಿ ಬಹಳ ಸೂಕ್ಷ್ಮವಾದುದು. ಜೂನ್ ತಿಂಗಳಿನಲ್ಲಿ ಉದ್ದಿಮೆಯನ್ನು ವಹಿಸಿಕೊಂಡವರಿಗೆ ಅದರ ಪರಿಚಯವಾಗಲು ಒಂಬತ್ತು ತಿಂಗಳು ಬೇಕಾಗುತ್ತದೆ. ಅಷ್ಟರಲ್ಲಿ ಅದನ್ನು ಬಲ್ಲವರು ಹೊರಟುಹೋಗಿರುತ್ತಾರೆ.

ಎರಡನೆಯ ಪರಿಶೀಲನೆ: ಯಂತ್ರ

ಬಳಿಕ ಯಂತ್ರಗಳ ಪಟ್ಟಿ. ಪ್ರತಿಯೊಂದು ಗಣಕ, ಮುದ್ರಕ, ಯುಪಿಎಸ್, ಜಾಲದ ಪೆಟ್ಟಿಗೆ, ತಂತಿ ಎಲ್ಲವನ್ನೂ ಕಣ್ಣಾರೆ ನೋಡಿ ಬರೆಯಬೇಕು. ಯಾರೋ ಹಿಂದೆ ಬರೆದಿಟ್ಟ ಪಟ್ಟಿಯನ್ನು ನಂಬಿ ಸಹಿ ಹಾಕಬಾರದು. ತಯಾರಿಕೆಯ ವರ್ಷ, ಹಾರ್ಡ್ ಡಿಸ್ಕಿನ ಸ್ಥಿತಿ, ವಿದ್ಯುತ್ ಪೂರೈಕೆಯ ಗುಣ, ಭೂಸಂಪರ್ಕ ಇವು ಮುಖ್ಯ. ಗಣಕವನ್ನು ಆರಿಸಿ ಮತ್ತೆ ಹೊತ್ತಿಸಿದಾಗ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದು ತಿಳಿಯಬೇಕು. ಅಲ್ಪ ಬೆಲೆಯ ಈ ಬ್ಯಾಟರಿಯ ನಿರ್ಲಕ್ಷ್ಯದಿಂದ ಬಿಲ್ಲುಗಳ ಮೇಲೆ ತಪ್ಪು ದಿನಾಂಕ ಬಿದ್ದು, ತೆರಿಗೆಯ ಲೆಕ್ಕವೇ ತೊಡಕಾಗಬಹುದು.

ಪರಿಶೀಲನೆಗೆ ಬಂದವರು ಹಳೆಯ ಯಂತ್ರವನ್ನು ಸುಮ್ಮನೆ ಬಿಚ್ಚುವುದು, ಆರಿಸುವುದು ಕೂಡದು. ವರ್ಷಗಟ್ಟಲೆ ತಿರುಗುತ್ತಲೇ ಇದ್ದ ಹಾರ್ಡ್ ಡಿಸ್ಕ್ ಒಮ್ಮೆ ತಣ್ಣಗಾದ ಮೇಲೆ ಮತ್ತೆ ತಿರುಗದೆ ಹೋಗುವುದುಂಟು. ಮೊದಲು ದತ್ತಾಂಶದ ಪ್ರತಿ, ಆಮೇಲೆ ಯಂತ್ರದ ಪರೀಕ್ಷೆ ಎಂಬುದು ಮೀರಬಾರದ ಕ್ರಮ.

ಮೂರನೆಯ ಪರಿಶೀಲನೆ: ತಂತ್ರಾಂಶ

ತಂತ್ರಾಂಶದಲ್ಲಿ ನೋಡಬೇಕಾದುದು ಮೂರು ಅಂಶಗಳು: ಅದು ಯಾರದು, ಅದಕ್ಕೆ ಬೆಂಬಲ ಉಂಟೆ, ಅದು ಹೊಸ ಯಂತ್ರದ ಮೇಲೆ ನಡೆಯುವುದೇ. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಬೆಂಬಲ ಮುಗಿಯಿತೆಂದರೆ ಯಂತ್ರ ನಿಲ್ಲುವುದಿಲ್ಲ; ಹೊಸದಾಗಿ ಕಂಡುಬಂದ ಬಿರುಕುಗಳನ್ನು ಮುಚ್ಚುವವರು ಇಲ್ಲವಾಗುತ್ತಾರೆ ಎಂದರ್ಥ.

ಇದರ ಪರಿಣಾಮ 2017ರ ಮೇ ತಿಂಗಳಿನಲ್ಲಿ ಲೋಕಕ್ಕೆ ತಿಳಿಯಿತು. ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳ ಕಡತಗಳನ್ನು ಬೀಗ ಹಾಕಿ ಹಣ ಕೇಳಿತು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳೂ ಅದಕ್ಕೆ ಗುರಿಯಾದವು. ಆ ಬಿರುಕನ್ನು ಮುಚ್ಚುವ ಸರಿಪಡಿಕೆ ಎರಡು ತಿಂಗಳು ಮೊದಲೇ, ಅದೇ ವರ್ಷದ ಮಾರ್ಚಿನಲ್ಲಿ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸದ ಯಂತ್ರಗಳು, ಬೆಂಬಲ ಮುಗಿದ ಯಂತ್ರಗಳು ತೊಂದರೆಗೆ ಸಿಕ್ಕಿದವು.

ಹೊಸ ಗಣಕ ತಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ಅಪಾಯಕಾರಿ. ಡಾಸ್ ಕಾಲದ 16 ಬಿಟ್ ಕಾರ್ಯಕ್ರಮಗಳು ಇಂದಿನ 64 ಬಿಟ್ ವಿಂಡೋಸ್ ಮೇಲೆ ನೇರವಾಗಿ ನಡೆಯುವುದಿಲ್ಲ. ಹಳೆಯ ಗಣಕವನ್ನು ಅನುಕರಿಸುವ ವಿಶೇಷ ತಂತ್ರಾಂಶದ ನೆರವು ಬೇಕು. ಕೆಲವು ತಂತ್ರಾಂಶಗಳಿಗೆ ಹಿಂಬದಿಯಲ್ಲಿ ಚುಚ್ಚುವ ಬೀಗದಂತಹ ಡಾಂಗಲ್ ಬೇಕಾಗುತ್ತದೆ. ಹೊಸ ಯಂತ್ರದಲ್ಲಿ ಅದನ್ನು ಚುಚ್ಚುವ ಸ್ಥಳವೇ ಇರುವುದಿಲ್ಲ. ಜೊತೆಗೆ ಪರವಾನಗಿಯ ಪ್ರಶ್ನೆಯೂ ಇದೆ. ಅಕ್ರಮ ಪ್ರತಿಯೆಂದು ತಿಳಿದೂ ಗಣಕ ಕಾರ್ಯಕ್ರಮವನ್ನು ಬಳಸುವುದು 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ದಂಡನಾರ್ಹ ಅಪರಾಧ. ಹಿಂದಿನವರು ಮಾಡಿದ್ದನ್ನು ಮುಂದುವರಿಸಿದೆವು ಎಂಬ ಸಮಾಧಾನ ಇಲ್ಲಿ ನಡೆಯದು.

ನಾಲ್ಕನೆಯ ಪರಿಶೀಲನೆ: ದತ್ತಾಂಶ

ಯಂತ್ರ ಕೆಟ್ಟರೆ ಬೇರೊಂದನ್ನು ಕೊಳ್ಳಬಹುದು. ದತ್ತಾಂಶ ಕಳೆದರೆ ಅದನ್ನು ಮಾರುವ ಅಂಗಡಿ ಎಲ್ಲಿಯೂ ಇಲ್ಲ. ಪ್ರತಿ ತೆಗೆದಿಡುತ್ತೀರಾ ಎಂದು ಕೇಳಿದರೆ ಎಲ್ಲ ಕಡೆಯೂ ಹೌದು ಎಂಬ ಉತ್ತರವೇ ಬರುತ್ತದೆ. ಕೇಳಬೇಕಾದ ಪ್ರಶ್ನೆ ಅದಲ್ಲ. ಆ ಪ್ರತಿಯಿಂದ ಲೆಕ್ಕವನ್ನು ಮತ್ತೊಂದು ಗಣಕದಲ್ಲಿ ಮರಳಿ ತೆರೆದು ತೋರಿಸಿ ಎಂದು ಕೇಳಬೇಕು. ಮರಳಿ ತೆರೆಯಲು ಬಾರದ ಪ್ರತಿ ಬೀಗದ ಕೈ ಇಲ್ಲದ ಪೆಟ್ಟಿಗೆಗೆ ಸಮಾನ. ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ ಎಂಬುದು ಎಲ್ಲೆಡೆ ಒಪ್ಪಿತವಾದ ಸರಳ ನಿಯಮ. ಗಣಕದ ಪಕ್ಕದ ಕಪಾಟಿನಲ್ಲಿಟ್ಟ ಪ್ರತಿ ಬೆಂಕಿಗೂ ಮಳೆನೀರಿಗೂ ಗಣಕದೊಡನೆಯೇ ಬಲಿಯಾಗುತ್ತದೆ.

ಫಾಕ್ಸ್‌ಪ್ರೋ ಕಡತಗಳ ವಿಷಯದಲ್ಲಿ ಸಮಾಧಾನದ ಸಂಗತಿಯೊಂದಿದೆ. ಆ ಡಿಬಿಎಫ್ ಮಾದರಿಯ ಕಡತಗಳನ್ನು ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್‌ನಂತಹ ಇಂದಿನ ಕೋಷ್ಟಕ ತಂತ್ರಾಂಶಗಳಲ್ಲಿಯೂ ತೆರೆಯಬಹುದು. ಕಾರ್ಯಕ್ರಮ ಸತ್ತರೂ ಅಂಕಿಗಳು ಬದುಕುತ್ತವೆ. ಭಾರತೀಯ ಭಾಷೆಗಳ ಅಕ್ಷರಗಳ ವಿಷಯ ಹಾಗಲ್ಲ. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ, ತೆಲುಗು ಪಠ್ಯಗಳನ್ನು ಆಯಾ ತಂತ್ರಾಂಶದ ಅಕ್ಷರ ವಿನ್ಯಾಸಗಳಲ್ಲಿ ಬರೆದಿಡಲಾಗುತ್ತಿತ್ತು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಗ್ರಾಹಕರ ಹೆಸರು, ವಿಳಾಸಗಳು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಗಡಿ ಜಿಲ್ಲೆಗಳ ಮುದ್ರಣಾಲಯ, ಅಂಗಡಿಗಳನ್ನು ವಹಿಸಿಕೊಳ್ಳುವವರು ಇಂತಹ ಕಡತಗಳನ್ನು ಹಳೆಯ ಯಂತ್ರ ಬದುಕಿರುವಾಗಲೇ ಯುನಿಕೋಡಿಗೆ ಪರಿವರ್ತಿಸಿ, ಕೆಲವು ಪುಟಗಳನ್ನು ಮೂಲದೊಡನೆ ಹೋಲಿಸಿ ನೋಡಬೇಕು.

ಹಳೆಯ ಲೆಕ್ಕ ಏಕೆ ಬೇಕು ಎಂಬ ಪ್ರಶ್ನೆಗೆ ಕಾನೂನು ಉತ್ತರ ಕೊಡುತ್ತದೆ. ಸರಕು ಮತ್ತು ಸೇವಾ ತೆರಿಗೆಯ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಲು ಗೊತ್ತುಪಡಿಸಿದ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಇದಲ್ಲದೆ, ಉದ್ದಿಮೆಯ ವರ್ಗಾವಣೆಯಾದಾಗ ಅಲ್ಲಿಯವರೆಗೆ ಬಾಕಿ ಉಳಿದ ತೆರಿಗೆಗೆ ಕೊಟ್ಟವರೂ ಪಡೆದವರೂ ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ ಹೊಣೆಗಾರರೆಂದು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 85ನೆಯ ಪ್ರಕರಣ ಹೇಳುತ್ತದೆ. ಹಳೆಯ ಗಣಕದೊಳಗಿನ ಅಂಕಿಗಳನ್ನು ನೋಡದೆ ಉದ್ದಿಮೆಯನ್ನು ವಹಿಸಿಕೊಂಡ ಸೋದರಳಿಯ, ತಾನು ಕಾಣದ ಸಾಲಕ್ಕೆ ಜಾಮೀನು ನಿಂತಂತಾಗಬಹುದು.

ಐದನೆಯ ಪರಿಶೀಲನೆ: ಜನ

ಹಳೆಯ ವ್ಯವಸ್ಥೆಯ ಅತ್ಯಂತ ದುರ್ಬಲವಾದ ಭಾಗ ಯಂತ್ರದಲ್ಲಿಲ್ಲ, ಮನುಷ್ಯನ ನೆನಪಿನಲ್ಲಿದೆ. ಮುದ್ರಕ ನಿಂತಾಗ ಯಾವ ಗುಂಡಿಯನ್ನು ಎರಡು ಬಾರಿ ಒತ್ತಬೇಕು, ಪಟ್ಟಿಯಲ್ಲಿ ಒಂದು ಸಂಕೇತ ಸಂಖ್ಯೆ ಯಾಕೆ ಇದೆ, ಯಾವ ಗ್ರಾಹಕರ ಖಾತೆ ಎರಡು ಹೆಸರಿನಲ್ಲಿದೆ ಎಂಬುದನ್ನು ಗುಮಾಸ್ತರು ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಬರೆಯಿರಿ ಎಂದು ಅವರನ್ನು ಯಾರೂ ಕೇಳಿರುವುದಿಲ್ಲ. ಅವರ ಪಕ್ಕದಲ್ಲಿ ಕೆಲವು ದಿನ ಕುಳಿತು, ಅವರು ಮಾಡುವುದನ್ನು ಮಾಡಿದಂತೆಯೇ ಬರೆದುಕೊಳ್ಳಬೇಕು. ಬಳಿಕ ಆ ಬರಹವನ್ನು ಹಿಡಿದು ಹೊಸಬರೊಬ್ಬರು ಆ ಕೆಲಸವನ್ನು ಮಾಡಬೇಕು. ಗುಮಾಸ್ತರು ಮಾತನಾಡದೆ ನೋಡುತ್ತಿರಬೇಕು. ಎಲ್ಲಿ ಅವರು ಬಾಯಿ ತೆರೆಯಬೇಕಾಯಿತೋ ಅಲ್ಲಿ ಬರಹದಲ್ಲಿ ಕೊರತೆ ಇದೆ ಎಂದು ತಿಳಿಯಬೇಕು.

ಈ ಕೆಲಸದಲ್ಲಿ ಸೌಜನ್ಯ ಅಗತ್ಯ. ಇಪ್ಪತ್ತು ವರ್ಷ ಒಂದು ವ್ಯವಸ್ಥೆಯನ್ನು ನಡೆಸಿದವರ ಮುಂದೆ ಅದನ್ನು ಹಾಸ್ಯ ಮಾಡಿದರೆ, ಅವರು ತಿಳಿದುದನ್ನು ಹೇಳದೆ ಸುಮ್ಮನಾಗುತ್ತಾರೆ. ತಮ್ಮ ಕೆಲಸ ಹೋಗುವುದೆಂಬ ಅಂಜಿಕೆಯೂ ಅವರಿಗಿರುತ್ತದೆ. ಅವರ ಜ್ಞಾನಕ್ಕೆ ಬೆಲೆ ಇದೆ ಎಂಬುದನ್ನು ಮಾತಿನಿಂದಲ್ಲದೆ ಸಂಭಾವನೆಯಿಂದಲೂ ತೋರಿಸುವುದು ನ್ಯಾಯ; ನಿವೃತ್ತಿಯ ನಂತರವೂ ಒಂದಷ್ಟು ಕಾಲ ಸಲಹೆಗೆ ದೊರೆಯುವಂತೆ ಏರ್ಪಾಡು ಮಾಡಿಕೊಳ್ಳುವುದು ಲಾಭ.

ಇಂದಿನ ದಿನಗಳಲ್ಲಿ ಇನ್ನೂ ಒಂದು ತೊಡಕಿದೆ. ತೆರಿಗೆಯ ಜಾಲತಾಣ, ಬ್ಯಾಂಕಿನ ಖಾತೆ, ಮಿಂಚಂಚೆ, ಉದ್ದಿಮೆಯ ಜಾಲತಾಣದ ಹೆಸರು ಇವೆಲ್ಲವೂ ಯಾರದೋ ಮೊಬೈಲ್ ಸಂಖ್ಯೆಗೆ ಬರುವ ಓಟಿಪಿಯನ್ನು ಅವಲಂಬಿಸಿರುತ್ತವೆ. ಆ ಸಂಖ್ಯೆ ಹಿಂದೆ ಕೆಲಸ ಬಿಟ್ಟುಹೋದ ನೌಕರನದೋ, ಹೊರಗಿನ ಲೆಕ್ಕಿಗರದೋ ಆಗಿರಬಹುದು. ಪಾಸ್‌ವರ್ಡುಗಳು, ಡಿಜಿಟಲ್ ಸಹಿಯ ಸಾಧನ, ನೋಂದಾಯಿತ ಮೊಬೈಲ್ ಸಂಖ್ಯೆಗಳು ಯಾರ ವಶದಲ್ಲಿವೆ ಎಂಬ ಪಟ್ಟಿ ಸಿದ್ಧವಾಗದೆ ಹಸ್ತಾಂತರ ಪೂರ್ಣವಾಯಿತೆಂದು ಭಾವಿಸಬಾರದು. ಎಲ್ಲವನ್ನೂ ವಿಧಿಬದ್ಧವಾಗಿ ಹೊಸಬರ ಹೆಸರಿಗೆ ಬದಲಾಯಿಸಿ, ಹಳೆಯ ಪಾಸ್‌ವರ್ಡುಗಳನ್ನು ತೆಗೆದುಹಾಕಬೇಕು.

ನಿರ್ಣಯ

ಇಷ್ಟು ಪರಿಶೀಲನೆಯ ನಂತರ ಪ್ರತಿಯೊಂದು ಭಾಗಕ್ಕೂ ನಾಲ್ಕರಲ್ಲಿ ಒಂದು ನಿರ್ಣಯ ಸಾಧ್ಯ: ಇದ್ದಂತೆ ಇಟ್ಟುಕೊಳ್ಳುವುದು, ಪ್ರತ್ಯೇಕಿಸಿ ಇಟ್ಟುಕೊಳ್ಳುವುದು, ಬದಲಾಯಿಸುವುದು, ಅಥವಾ ಹೊಣೆಯನ್ನೇ ನಿರಾಕರಿಸುವುದು. ಬಾಲಾನಗರದ ಕಾರ್ಯಾಗಾರದಲ್ಲಿ ಅಂಗಳದ ಎಕ್ಸ್‌ಪಿ ಯಂತ್ರವನ್ನು ಬದಲಾಯಿಸಬೇಕಾದರೆ ಲೇತಿನ ನಿಯಂತ್ರಣ ಘಟಕವನ್ನೇ ಬದಲಾಯಿಸಬೇಕಾಗಬಹುದು. ಅದು ಭಾರಿ ವೆಚ್ಚ. ಅದನ್ನು ಅಂತರಜಾಲದಿಂದ ಸಂಪೂರ್ಣ ಬೇರ್ಪಡಿಸಿ, ಅದರ ಡಿಸ್ಕಿನ ಯಥಾಪ್ರತಿಯನ್ನು ತೆಗೆದಿಟ್ಟು, ಸೀರಿಯಲ್ ತಂತಿಗೆ ಹೊಂದುವ ಇನ್ನೊಂದು ಹಳೆಯ ಯಂತ್ರವನ್ನು ಸಿದ್ಧವಾಗಿಟ್ಟುಕೊಂಡರೆ ಕೆಲವು ವರ್ಷ ನಿಶ್ಚಿಂತೆ. ಕಚೇರಿಯ ಲೆಕ್ಕವನ್ನು ಮಾತ್ರ ಹೊಸ ತಂತ್ರಾಂಶಕ್ಕೆ ಸಾಗಿಸಬೇಕು. ಎರಡು ತಿಂಗಳು ಹಳೆಯದನ್ನೂ ಹೊಸದನ್ನೂ ಜೊತೆಜೊತೆಯಾಗಿ ನಡೆಸಿ, ತಿಂಗಳ ಕೊನೆಯ ಮೊತ್ತಗಳು ತಾಳೆಯಾದ ಮೇಲೆ ಹಳೆಯದನ್ನು ನಿಲ್ಲಿಸುವುದು ಕ್ಷೇಮ.

ನಿರ್ವಹಣೆಯ ಕರಾರಿಗೆ ಸಹಿ ಹಾಕುವ ತಂತ್ರಜ್ಞರು ಇನ್ನೂ ಎಚ್ಚರವಾಗಿರಬೇಕು. ಯಾವ ಯಂತ್ರಗಳು ಕರಾರಿನೊಳಗೆ, ಯಾವುವು ಹೊರಗೆ, ಬಿಡಿಭಾಗಗಳ ವೆಚ್ಚ ಯಾರದು, ಈಗಾಗಲೇ ಕಂಡ ದೋಷಗಳಾವುವು ಎಂಬುದನ್ನು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಬೇಕು. ಪರಿಶೀಲನೆಯನ್ನೇ ಪ್ರತ್ಯೇಕ ಕೆಲಸವೆಂದು ಭಾವಿಸಿ ಅದಕ್ಕೆ ಶುಲ್ಕ ಪಡೆಯುವುದರಲ್ಲಿ ತಪ್ಪಿಲ್ಲ. ಪರಿಶೀಲನೆಗೆ ಮಾಲೀಕರು ಒಪ್ಪದಿದ್ದರೆ ಕರಾರನ್ನು ವಿನಯದಿಂದ ನಿರಾಕರಿಸುವುದೇ ಇಬ್ಬರಿಗೂ ಹಿತ. ಒಪ್ಪಿಕೊಂಡ ಮೇಲೆ ಕೆಟ್ಟ ಯಂತ್ರದ ದೂರೆಲ್ಲವೂ ಕೊನೆಗೆ ಮುಟ್ಟಿದವರ ಮೇಲೆಯೇ ಬರುತ್ತದೆ.

ಸೈಬರ್ ಅವಘಡಗಳ ವಿಷಯದಲ್ಲಿ ಸರ್ಕಾರದ ನಿಯಮಗಳನ್ನೂ ತಿಳಿದಿರಬೇಕು. 2004ರಲ್ಲಿ ಕಾರ್ಯಾರಂಭ ಮಾಡಿದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ನಿಗದಿಪಡಿಸಿದ ಬಗೆಯ ಅವಘಡಗಳನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ತಿಳಿಸಿದೆ. ಹಣದ ವಂಚನೆಯಾದಲ್ಲಿ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಇನ್ನು ಬಳಕೆ ಮುಗಿದ ಯಂತ್ರಗಳನ್ನು ಗುಜರಿಗೆ ಎಸೆಯುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅವುಗಳು ನೋಂದಾಯಿತ ಸಂಸ್ಕರಣಾ ಘಟಕಗಳನ್ನು ಸೇರಬೇಕು. ಅದಕ್ಕೆ ಮುನ್ನ ಹಾರ್ಡ್ ಡಿಸ್ಕಿನಲ್ಲಿರುವ ಗ್ರಾಹಕರ ವಿವರಗಳನ್ನು ಮರಳಿ ಪಡೆಯಲಾಗದಂತೆ ಅಳಿಸಿರಬೇಕು.

ಎರಡು ಸಾವಿರದ ಇಸವಿ ಸಮೀಪಿಸಿದಾಗ, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಕಾರ್ಯಕ್ರಮಗಳನ್ನು ತಿದ್ದುವ ಕೆಲಸದಲ್ಲಿ ಹೈದರಾಬಾದಿನ ಸಾವಿರಾರು ತರುಣ ತರುಣಿಯರು ತೊಡಗಿದ್ದರು. ಬೇರೆಯವರು, ಬೇರೆ ಕಾಲದಲ್ಲಿ, ಬೇರೆ ದೇಶದಲ್ಲಿ ಬರೆದುದನ್ನು ಸಾಲು ಸಾಲಾಗಿ ಓದಿ ಅರ್ಥಮಾಡಿಕೊಂಡ ಮೇಲೆಯೇ ಅವರು ತಿದ್ದಿದರು. ಆ ತಾಳ್ಮೆ ದೊಡ್ಡ ಬ್ಯಾಂಕುಗಳಿಗೆ ಮಾತ್ರ ಮೀಸಲಾಗಬೇಕಿಲ್ಲ. ಹನ್ನೆರಡು ಮಂದಿಯ ಅನ್ನಕ್ಕೆ ಆಧಾರವಾದ ಕಾರ್ಯಾಗಾರಕ್ಕೂ ಅದು ಸಲ್ಲಬೇಕು. ಒಂದು ನೋಟುಪುಸ್ತಕ, ಒಂದು ವಾರದ ಸಮಯ, ಗುಮಾಸ್ತರ ಪಕ್ಕದಲ್ಲಿ ಒಂದು ಕುರ್ಚಿ ಇಷ್ಟಿದ್ದರೆ ಪರಿಶೀಲನೆಯನ್ನು ಆರಂಭಿಸಬಹುದು. ಸಹಿಯನ್ನು ಅದರ ನಂತರ ಹಾಕಬಹುದು.